ಪಕ್ಷಿವೀಕ್ಷಣೆಯೂ ಅಲ್ಪವ್ಯಯದ ಸಂಚಾರವೂ

ಹಕ್ಕಿಗಳನ್ನು ನೋಡುವುದಕ್ಕೋಸ್ಕರವೇ ಊರು ಬಿಟ್ಟು ಊರಿಗೆ ಹೋಗುವುದು ಹಣವಂತರ ವಿನೋದವೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಬೆಲೆಬಾಳುವ ದುರ್ಬೀನು, ಬಾಡಿಗೆಯ ಮೋಟಾರು, ಕಾಡಿನ ನಡುವಣ ಬಂಗಲೆ, ದಾರಿ ತೋರುವ ಆಳು, ಇವಿಷ್ಟೂ ಇಲ್ಲದವನಿಗೆ ಈ ವಿದ್ಯೆ ಎಟುಕದೆಂದು ಅನೇಕರು ತಿಳಿದಿದ್ದಾರೆ. ಈ ಭಾವನೆ ಎಷ್ಟರಮಟ್ಟಿಗೆ ನಿಜ? ಸ್ವಲ್ಪ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಒಬ್ಬಂಟಿಯಾಗಿ, ಉಷ್ಣವಲಯದ ನಾಡಿನಲ್ಲಿ ಹಕ್ಕಿಗಳನ್ನು ನೋಡಲು ಹೊರಡುವವರು ಏನನ್ನು ತಿಳಿದಿರಬೇಕು, ಏನನ್ನು ಜತೆಗೆ ಒಯ್ಯಬೇಕು, ಏನನ್ನು ಮಾಡಬಾರದು? ಈ ಭಾಷಣದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಭೂಮಧ್ಯರೇಖೆಯ ಇಕ್ಕೆಲಗಳಲ್ಲಿಯೂ ಸುಮಾರು 23½ ಡಿಗ್ರಿಗಳವರೆಗಿನ ಭೂಭಾಗವನ್ನು ಉಷ್ಣವಲಯವೆಂದು ಕರೆಯುವರು. ಕನ್ನಡನಾಡು ಸಂಪೂರ್ಣವಾಗಿ ಈ ವಲಯದೊಳಗೇ ಸೇರಿದೆ. ಆದಕಾರಣ ಉದಾಹರಣೆಗಾಗಿ ನಾವು ಸಮುದ್ರವನ್ನು ದಾಟಬೇಕಾದುದಿಲ್ಲ. ಮೈಸೂರಿನ ಸುತ್ತಮುತ್ತಣ ಕೆರೆಗಳೂ, ಕಾವೇರಿಯ ನಡುಗಡ್ಡೆಗಳೂ, ಪಶ್ಚಿಮಘಟ್ಟಗಳ ಕಾಡುಗಳೂ ನಮ್ಮ ಪ್ರಯೋಜನಕ್ಕೆ ಸಾಕಾಗಿ ಮಿಕ್ಕುವುವು. ಚಳಿಯ ದೇಶಗಳಲ್ಲಿ ಮಂಜು ಬಿದ್ದ ಕಾಲದಲ್ಲಿ ಪಕ್ಷಿವೀಕ್ಷಕನು ಗಂಟೆಗಟ್ಟಲೆ ನಡೆದರೂ ಬೆರಳೆಣಿಕೆಯಷ್ಟು ಜಾತಿಗಳನ್ನು ಕಾಣುವುದು ಕಷ್ಟ. ನಮ್ಮಲ್ಲಾದರೋ, ಡಿಸೆಂಬರು ತಿಂಗಳ ಒಂದು ಬೆಳಿಗ್ಗೆ ಮರಗಳಿಂದ ಕೂಡಿದ ಒಂದು ಕೆರೆಯ ಏರಿಯ ಮೇಲೆ ಎರಡು ಗಂಟೆಗಳ ಕಾಲ ನಿಧಾನವಾಗಿ ನಡೆದವನು ನಲವತ್ತು ಐವತ್ತು ಜಾತಿಗಳನ್ನು ಕಂಡು ಮನೆಗೆ ಹಿಂದಿರುಗಬಹುದು. ಈ ಸಂಪತ್ತಿಗೆ ಪ್ರವೇಶಧನವಿಲ್ಲ. ಬೇಗ ಏಳುವುದೊಂದೇ ಇದಕ್ಕೆ ತೆರಬೇಕಾದ ಬೆಲೆ.

ಈ ವಿದ್ಯೆಗೂ ಐಶ್ವರ್ಯಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಸಾಲಿಂ ಅಲಿಯವರ ಜೀವನಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 1896ರಲ್ಲಿ ಜನಿಸಿದ ಈ ಮಹನೀಯರು ಉದ್ಯೋಗವನ್ನು ಕಳೆದುಕೊಂಡು, ಖರ್ಚು ಕಡಮೆಯಾದೀತೆಂದು ಮುಂಬಯಿಯನ್ನು ಬಿಟ್ಟು ಕಡಲ ತೀರದ ಕಿಹೀಂ ಎಂಬ ಹಳ್ಳಿಯಲ್ಲಿ ನೆಲೆಸಿದ್ದಾಗಲೇ ಗೀಜಗನ ಗೂಡಿನ ವಿಚಾರವಾಗಿ ತಮ್ಮ ಪ್ರಸಿದ್ಧವಾದ ಪರಿಶೀಲನೆಗಳನ್ನು ನಡೆಸಿದರು. ಅನಂತರ ದೇಶೀಯ ಸಂಸ್ಥಾನಗಳ ಪಕ್ಷಿಗಳನ್ನು ಸಮೀಕ್ಷೆಮಾಡಲು ಮುಂದೆ ಬಂದಾಗ ಅವರು ಕೇಳಿದುದು ಸಂಬಳವನ್ನಲ್ಲ. ಶಿಬಿರದ ಮತ್ತು ಪ್ರಯಾಣದ ವೆಚ್ಚವನ್ನು ಸಂಸ್ಥಾನದವರು ವಹಿಸಿಕೊಂಡರೆ ಸಾಕೆಂದರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಮುಂತಾದ ಸಂಸ್ಥಾನಗಳ ತರುವಾಯ 1939 ಮತ್ತು 1940ರಲ್ಲಿ ಮೈಸೂರು ಸೀಮೆಯ ಸರದಿ ಬಂದಿತು. ಆ ಸಮೀಕ್ಷೆಯ ಫಲಗಳಲ್ಲೊಂದು ನಮ್ಮ ಕಣ್ಣೆದುರಿಗೇ ಇದೆ. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟಿದ್ದ ಹಕ್ಕಿಗಳನ್ನು ಕಂಡು, ಆ ಸ್ಥಳವನ್ನು ಕಾಪಾಡಬೇಕೆಂದು ಅವರು ಅರಮನೆಯವರಿಗೆ ಅರಿಕೆಮಾಡಿಕೊಂಡದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕಾಲುನಡಿಗೆಯಲ್ಲಿ ನೋಡಿದ ಒಬ್ಬ ಮನುಷ್ಯನ ನೋಟವು ಒಂದು ನದಿಯ ಹಕ್ಕಿಗಳಿಗೆ ಎಂಬತ್ತು ವರ್ಷಗಳಿಗೂ ಮಿಕ್ಕ ಅಭಯವನ್ನು ದೊರಕಿಸಿಕೊಟ್ಟಿತು.

ಇನ್ನು ಸಂಚಾರಕ್ಕೆ ಬೇಕಾದ ಸಲಕರಣೆಗಳ ವಿಚಾರ. ಇವುಗಳಲ್ಲಿ ನಿಜವಾಗಿ ಹಣ ಬೇಡುವುದು ದುರ್ಬೀನೊಂದೇ. ಅದನ್ನು ಕೊಳ್ಳುವಾಗ ಅದರ ಮೇಲೆ ಕೆತ್ತಿರುವ ಎರಡು ಅಂಕಿಗಳ ಅರ್ಥವನ್ನು ತಿಳಿದಿರಬೇಕು. 8 ಮತ್ತು 40 ಎಂದಿದ್ದರೆ, ವಸ್ತುವು ಎಂಟು ಪಟ್ಟು ಹತ್ತಿರವಾಗಿ ತೋರುವುದೆಂದೂ, ಮುಂದಿನ ಗಾಜಿನ ಅಗಲ 40 ಮಿಲಿಮೀಟರೆಂದೂ ಅರ್ಥ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ 5 ಎಂಬುದು, ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ. ನಮ್ಮ ಕಾಡುಗಳಲ್ಲಿ ಎಲೆ ದಟ್ಟ, ಬೆಳಕು ಮಂದ. ಹಕ್ಕಿಗಳು ಚುರುಕಾಗಿರುವ ಮುಂಜಾನೆಯಲ್ಲಂತೂ ಬೆಳಕು ಇನ್ನೂ ಕಡಮೆ. ಆದುದರಿಂದ 10 ಮತ್ತು 25 ಎಂದಿರುವ ಚಿಕ್ಕ ದುರ್ಬೀನು ಜೇಬಿಗೆ ಅನುಕೂಲವಾಗಿ ಕಂಡರೂ, ಅದರ ಬೆಳಕಿನ ಬಿಲ್ಲೆ ಎರಡೂವರೆ ಮಿಲಿಮೀಟರು ಮಾತ್ರವಾಗಿ, ಮರದ ನೆರಳಿನಲ್ಲಿ ಕುಳಿತ ಹಕ್ಕಿ ಬರಿಯ ಕಪ್ಪು ಚುಕ್ಕೆಯಾಗಿ ತೋರುವುದು. ಹೆಚ್ಚು ಪಟ್ಟು ತೋರಿಸುವ ದುರ್ಬೀನು ಕೈ ನಡುಗನ್ನೂ ಅಷ್ಟೇ ಪಟ್ಟು ಹೆಚ್ಚಿಸುವುದೆಂಬುದನ್ನು ಮರೆಯಬಾರದು. ಎಂಟು ಪಟ್ಟಿನ ಸಾಧಾರಣವಾದ ಹಳೆಯ ದುರ್ಬೀನು ದೊರೆತರೂ ಸಾಕು. ಮಳೆಗಾಲದ ತೇವದಲ್ಲಿ ಗಾಜುಗಳ ಒಳಗೆ ಬೂಷ್ಟು ಬೆಳೆದು ಅನೇಕ ಒಳ್ಳೆಯ ದುರ್ಬೀನುಗಳು ಕೆಟ್ಟುಹೋಗುವುವು. ಬಿಗಿಯಾದ ಮುಚ್ಚಳವಿರುವ ಡಬ್ಬಿಯಲ್ಲಿ ತೇವ ಹೀರುವ ಹರಳುಗಳೊಡನೆ ಅದನ್ನು ಇಡುವುದು ಇದಕ್ಕೆ ಸುಲಭವಾದ ಪರಿಹಾರ.

ಉಳಿದ ಸಾಮಾನೆಲ್ಲ ಮನೆಯಲ್ಲಿಯೇ ಇರುವಂಥವು. ಮಾಸಲು ಬಣ್ಣದ ಉಡುಪು, ತಲೆಗೊಂದು ಟೋಪಿ ಅಥವಾ ವಸ್ತ್ರ, ಕುಡಿಯುವ ನೀರು, ಬುತ್ತಿ, ಒಂದು ಚಿಕ್ಕ ಪುಸ್ತಕ, ಒಂದು ಸೀಸದಕಡ್ಡಿ. ಬುತ್ತಿಯ ಮಾತನ್ನು ನಾವು ಹಗುರವಾಗಿ ಹೇಳುತ್ತಿಲ್ಲ. ಪಕ್ಷಿವೀಕ್ಷಕನಿಗೆ ಬೇಕಾದ ಹೊತ್ತು ಬೆಳಗಿನ ಆರರಿಂದ ಒಂಬತ್ತು. ಹೋಟೆಲಿನ ತಿಂಡಿ ಸಿದ್ಧವಾಗುವುದೂ ಅದೇ ಹೊತ್ತಿಗೆ. ಮೊಸರವಲಕ್ಕಿಯನ್ನೋ ಚಪಾತಿಯನ್ನೋ ಕಟ್ಟಿಕೊಂಡು ಹೊರಟವನಿಗೆ ಹಣವೂ ಉಳಿಯುವುದು, ಹಕ್ಕಿಗಳೂ ಉಳಿಯುವುವು. ನಡುಹಗಲಿನಲ್ಲಿ, ಬಿಸಿಲೇರಿದ ಮೇಲೆ, ನಮ್ಮ ಸೀಮೆಯ ಹಕ್ಕಿಗಳು ಎಲೆಗಳ ಮರೆಯಲ್ಲಿ ಮೌನವಾಗಿ ಕುಳಿತುಬಿಡುವುವು. ಆಗ ಚೆಂಬುಕುಟಿಗನ ಟಂಕ್ ಟಂಕ್ ಎಂಬ ಏಕನಾದವೊಂದನ್ನು ಬಿಟ್ಟರೆ ತೋಪೆಲ್ಲ ನಿಶ್ಶಬ್ದ. ಸಂಚಾರಿಯೂ ಆ ಹೊತ್ತಿನಲ್ಲಿ ಮರದಡಿಯಲ್ಲಿ ಊಟಮಾಡಿ, ಬೆಳಗಿನ ಟಿಪ್ಪಣಿಯನ್ನು ತಿದ್ದಿ ಬರೆದುಕೊಂಡು, ನಾಲ್ಕು ಗಂಟೆಯ ತರುವಾಯ ಮತ್ತೆ ಹೊರಡತಕ್ಕದ್ದು.

ಹೋಗುವ ಬಗೆ ಹೇಗೆ? ಸಾಮಾನ್ಯ ಬಸ್ಸಿನಲ್ಲಿ, ನಿಲ್ದಾಣನಿಲ್ದಾಣಕ್ಕೂ ನಿಲ್ಲುವ ರೈಲಿನಲ್ಲಿ, ಉಳಿದಂತೆ ಕಾಲುನಡಿಗೆಯಲ್ಲಿ. ನಿಧಾನವಾದ ವಾಹನವನ್ನು ಬಡವನ ಪಾಲಿನ ಕಷ್ಟವೆಂದು ಎಣಿಸಬಾರದು. ಪಕ್ಷಿವೀಕ್ಷಕನಿಗೆ ಅದು ಲಾಭವೇ ಸರಿ. ವೇಗವಾಗಿ ಓಡುವ ಮೋಟಾರಿನ ಮುಚ್ಚಿದ ಗಾಜಿನ ಹಿಂದೆ ಕುಳಿತವನು ತಂತಿಯ ಮೇಲಿನ ಹಕ್ಕಿಯನ್ನು ಕಾಣಲಾರ. ಹಳ್ಳಿಹಳ್ಳಿಗೂ ನಿಲ್ಲುವ ಬಸ್ಸಿನ ಕಿಟಕಿಯಿಂದ ತಂತಿಯ ಸಾಲನ್ನು ನೋಡುತ್ತ ಹೋಗುವವನಿಗೆ ಕಾಜಾಣ, ಕಳ್ಳಿಪೀರ, ಮಿಂಚುಳ್ಳಿ, ಗೊರವಂಕ, ಅದೃಷ್ಟವಿದ್ದರೆ ನೀಲಕಂಠ, ಇವೆಲ್ಲವೂ ಟಿಕೆಟಿನ ಬೆಲೆಯೊಳಗೇ ದೊರೆಯುವುವು. 2023ನೆಯ ಇಸವಿ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲದೆ ಸಂಚರಿಸುವ ಅನುಕೂಲವೊದಗಿತು. ದೇವಸ್ಥಾನಕ್ಕೂ ತವರಿಗೂ ಹೋಗಲು ಒದಗಿದ ಈ ಅನುಕೂಲ ಕೆರೆಯ ಏರಿಗೆ ಹೋಗಲೂ ಒದಗಬಾರದೇಕೆ?

ಮೈಸೂರನ್ನು ಬೀಡುಮಾಡಿಕೊಂಡು ಹೊರಡುವವರ ಮೊದಲನೆಯ ಪಾಠಶಾಲೆ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಈ ಕೆರೆಯ ಸುತ್ತಲೂ ನಡೆಯುವ ದಾರಿಯಿದೆ, ಮರಗಳ ನೆರಳಿದೆ. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ, ನಾಮದ ಕೋಳಿ, ಗುಳುಮುಳುಕ, ಇವುಗಳನ್ನು ಇಲ್ಲಿ ಚೆನ್ನಾಗಿ ಪರಿಚಯಮಾಡಿಕೊಂಡವರಿಗೆ ಬೇರೆ ಕೆರೆಗಳಲ್ಲಿ ಅಪರಿಚಿತವಾದ ಹಕ್ಕಿ ಯಾವುದೆಂಬುದು ತಟ್ಟನೆ ಹೊಳೆಯುವುದು. ಹೊಸಬರು ಸಾಮಾನ್ಯವಾಗಿ ಅಪರೂಪದ ಹಕ್ಕಿಗಾಗಿ ಹಂಬಲಿಸುವರು. ಆದರೆ ಸಾಮಾನ್ಯವಾದುದನ್ನು ಅರಿಯದವನಿಗೆ ಅಪರೂಪದ್ದು ಎದುರಿಗೆ ಬಂದರೂ ಗೊತ್ತಾಗದು. ಒಂದೇ ಕೆರೆಗೆ ಹತ್ತು ಸಲ ಹೋಗುವುದು, ಹತ್ತು ಕೆರೆಗಳಿಗೆ ಒಂದೊಂದು ಸಲ ಹೋಗುವುದಕ್ಕಿಂತ ಅಗ್ಗ, ಫಲವೂ ಹೆಚ್ಚು.

ಎರಡನೆಯದು ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದಾಗಿ ಉಂಟಾದ ಈ ನಡುಗಡ್ಡೆಗಳು ಶ್ರೀರಂಗಪಟ್ಟಣದಿಂದ ಮೂರು ನಾಲ್ಕು ಕಿಲೋಮೀಟರುಗಳೊಳಗೇ ಇವೆ. ನಡೆಯಬಲ್ಲವರು ಬಸ್ಸಿನಿಂದಲೋ ರೈಲಿನಿಂದಲೋ ಇಳಿದು ನಡೆದೇ ಹೋಗಬಹುದು. ದೋಣಿಯಲ್ಲಿ ಹೋದರೆ ಗೂಡುಗಳು ಬಹಳ ಹತ್ತಿರವಾಗುವುವೆಂಬುದು ನಿಜ. ದೋಣಿಯ ವೆಚ್ಚ ಕೈಮೀರಿತೆಂದು ತೋರಿದವರು ದಡದ ಮೇಲಿನ ದಾರಿಯಲ್ಲಿ ಒಂದು ಬಂಡೆಯ ಬಳಿ ಒಂದು ಗಂಟೆ ಕುಳಿತರೂ ನಷ್ಟವಿಲ್ಲ. ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಕೊಕ್ಕರೆ, ಬಿಳಿ ಕೆಂಬರಲು, ಹೊಳೆಯ ರೀವ ಇವುಗಳೆಲ್ಲ ಹೋಗುತ್ತ ಬರುತ್ತ ತಾವಾಗಿಯೇ ಕಣ್ಣಿಗೆ ಬೀಳುವುವು. ಬಾಯ್ಕಳಕವೆಂಬ ಕೊಕ್ಕರೆಯ ಕೊಕ್ಕನ್ನು ಇಲ್ಲಿ ಗಮನಿಸಬೇಕು. ಅದರ ಎರಡು ದವಡೆಗಳು ನಡುವೆ ಕೂಡುವುದೇ ಇಲ್ಲ. ಬಾಯಿ ಮುಚ್ಚಿದರೂ ಒಂದು ಸಂದು ಉಳಿದೇ ಇರುವುದು. ನೋಡಿದವರಿಗೆ ಇದೊಂದು ಊನವೆಂದು ತೋರಬಹುದು. ಆದರೆ ನುಣುಪಾದ ಬಸವನಹುಳುಗಳನ್ನು ಹಿಡಿದು ತಿನ್ನುವುದಕ್ಕೆ ಹೇಳಿಮಾಡಿಸಿದ ಇಕ್ಕುಳ ಅದು. ಬಂಡೆಗಳ ಮೇಲೆ ಮಲಗಿರುವ ಮೊಸಳೆಗಳನ್ನು ಕಂಡ ಮೇಲೆ ನೀರಿಗೆ ಇಳಿಯಬಾರದೆಂದು ಯಾರಿಗೂ ಬೇರೆಯಾಗಿ ಹೇಳಬೇಕಾದುದಿಲ್ಲ. 2018 ಮತ್ತು 2019ರ ಮಳೆಗಾಲದಲ್ಲಿ ಮೇಲಣ ಅಣೆಕಟ್ಟಿನಿಂದ ಬಿಟ್ಟ ನೀರು ಈ ನಡುಗಡ್ಡೆಗಳನ್ನು ಮುಳುಗಿಸಿ ಹಾಳುಮಾಡಿತು. ಅಭಯವಿತ್ತ ಮಾತ್ರಕ್ಕೆ ಹಕ್ಕಿಗಳ ಬದುಕು ನಿಶ್ಚಿಂತವಾಗದೆಂಬುದಕ್ಕೆ ಇದೊಂದು ನಿದರ್ಶನ. 2022ರಲ್ಲಿ ಈ ಸ್ಥಳ ಅಂತರರಾಷ್ಟ್ರೀಯ ಪ್ರಾಮುಖ್ಯದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಮೂರನೆಯ ಸ್ಥಳದ ವಿಚಾರವಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಪಕ್ಷಿಧಾಮವಲ್ಲ, ಒಂದು ಊರು. ಬೇಲಿಯಿಲ್ಲ, ದೋಣಿಯಿಲ್ಲ, ಮನೆಗಳ ಹಿತ್ತಿಲಿನಲ್ಲಿ, ಬೀದಿಯ ಪಕ್ಕದಲ್ಲಿ ಬೆಳೆದ ಹುಣಿಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟುವುವು. ಚಳಿಗಾಲದ ಮೊದಲಿಗೆ ಬರುವ ಈ ಹಕ್ಕಿಗಳು ಮರಿಗಳನ್ನು ಹಾರಿಸಿಕೊಂಡು ಮುಂಗಾರಿನ ವೇಳೆಗೆ ಹೊರಟುಹೋಗುವುವು. ಒಂದು ಮರದ ಕೆಳಗೆ ಎತ್ತು ಕಟ್ಟಿರುವುದು. ಅದೇ ಮರದ ತುದಿಯಲ್ಲಿ ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಚೀಲದೊಳಗೆ ತಲೆಯಿಟ್ಟು ಮೀನನ್ನು ಎಳೆದುಕೊಳ್ಳುತ್ತಿರುವುದು. ಜಗಲಿಯ ಮೇಲೆ ಕುಳಿತ ಅಜ್ಜಿಗೆ ಅದರ ಕಡೆ ಕತ್ತೆತ್ತಿ ನೋಡಬೇಕೆಂಬ ಕುತೂಹಲವೂ ಉಳಿದಿರುವುದಿಲ್ಲ.

ಹೊರಗಿನವರಿಗೆ ಇದು ಚೆಂದದ ಚಿತ್ರ. ಊರಿನವರಿಗೆ ಇದರಲ್ಲಿ ಲೆಕ್ಕಾಚಾರವೂ ಉಂಟು. ಗೂಡುಗಳ ಭಾರಕ್ಕೂ ಹಿಕ್ಕೆಗೂ ಸಿಕ್ಕಿದ ಹುಣಿಸೆಮರದ ಫಸಲು ಕೈಗೆ ಸರಿಯಾಗಿ ದೊರೆಯದು. ಗೂಡಿರುವ ಮರವನ್ನು ಬಡಿದು ಹಣ್ಣನ್ನು ಉದುರಿಸುವಂತೆಯೂ ಇಲ್ಲ. ಅಂಗಳದಲ್ಲಿ ಮೀನಿನ ನಾತ. ಇದಕ್ಕೆ ಪ್ರತಿಯಾಗಿ ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವಾಗುವುದು; ಹಕ್ಕಿಗಳು ಬಂದರೆ ಮಳೆಬೆಳೆ ಚೆನ್ನಾಗಿ ಆಗುವುದೆಂಬ ನಂಬಿಕೆಯೂ ಊರಿನಲ್ಲಿ ಹಿಂದಿನಿಂದ ಬಂದಿದೆ. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಈ ಊರಿನ ಹಕ್ಕಿಗಳನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಕೊಡುವ ಏರ್ಪಾಡಾಯಿತು. 1990ರ ದಶಕದಿಂದ ಊರಿನ ಯುವಕರೇ ಹೆಜ್ಜಾರ್ಲೆ ಬಳಗವೆಂಬ ಸಂಘವನ್ನು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕೆಲಸವನ್ನು ಕೈಕೊಂಡರು. 2007ರಲ್ಲಿ ಊರು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಆದರೂ 2017ರ ಕೊನೆಯಿಂದ ಅನೇಕ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಪರೀಕ್ಷೆಮಾಡಿದಾಗ ಅವುಗಳ ಹೊಟ್ಟೆಯಲ್ಲಿ ಹುಳುಗಳ ಬಾಧೆ ಕಂಡುಬಂದಿತು. ಹುಳು ಬರುವುದು ಮೀನಿನಿಂದ, ಮೀನು ಬರುವುದು ಸುತ್ತಲಿನ ಕೆರೆಗಳಿಂದ. ಮರವನ್ನು ಉಳಿಸಿಕೊಂಡ ಊರು ಹತ್ತಾರು ಕಿಲೋಮೀಟರುಗಳ ಆಚೆಯ ಕೆರೆಯ ನೀರನ್ನು ತಾನೊಂದೇ ಶುದ್ಧವಾಗಿ ಇಡಲಾರದಲ್ಲವೆ?

ಅಲ್ಪವ್ಯಯದ ಸಂಚಾರಿ ಒಂದು ಋಣವನ್ನು ಇಲ್ಲಿ ನೆನೆಯಬೇಕು. ತಾನು ಬಿಟ್ಟಿಯಾಗಿ ನೋಡುತ್ತಿರುವ ನೋಟಕ್ಕೆ ಬೇರೊಬ್ಬರು ಹುಣಿಸೆಯ ಫಸಲಿನಲ್ಲಿ ಬೆಲೆ ತೆತ್ತಿದ್ದಾರೆ. ಆದುದರಿಂದ ಇಂಥ ಊರಿಗೆ ಹೋದಾಗ ಮಿತವ್ಯಯವು ಜಿಪುಣತನವಾಗದಂತೆ ನೋಡಿಕೊಳ್ಳುವುದು ಧರ್ಮ. ಊಟವನ್ನೋ ಚಹವನ್ನೋ ಊರಿನಲ್ಲಿಯೇ ಕೊಳ್ಳಬೇಕು. ಹಿತ್ತಿಲಿಗೆ ಕಾಲಿಡುವ ಮುನ್ನ ಮನೆಯ ಯಜಮಾನರನ್ನೋ ಅಮ್ಮನವರನ್ನೋ ಕೇಳಬೇಕು. ಮನೆಯವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬಾರದು. ಮೋಟಾರಿನಲ್ಲಿ ಬಂದು ಅರ್ಧ ಗಂಟೆಯಲ್ಲಿ ಹೊರಟುಹೋಗುವ ಹತ್ತು ಮಂದಿಗಿಂತ, ಬಸ್ಸಿನಲ್ಲಿ ಬಂದು ದಿನವೆಲ್ಲ ಉಳಿದು, ಜಗಲಿಯ ಮೇಲೆ ಕುಳಿತು ಮಾತನಾಡುವ ಒಬ್ಬ ಅತಿಥಿಯನ್ನು ಹಳ್ಳಿ ಹೆಚ್ಚು ಕಾಲ ನೆನಪಿನಲ್ಲಿಟ್ಟುಕೊಳ್ಳುವುದು.

ಚಳಿಗಾಲದಲ್ಲಿ ಹೊರಡುವವರು ನಂಜನಗೂಡಿನ ಕಡೆಯ ಹದಿನಾರು ಕೆರೆಯನ್ನು ಮರೆಯಬಾರದು. ಹಿಮಾಲಯದಾಚೆಯ ಎತ್ತರದ ಸೀಮೆಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬಂದಿಳಿಯುವುವು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಸುಂಕವಿಲ್ಲದೆ, ರಹದಾರಿಯಿಲ್ಲದೆ ಹಿಮಾಲಯವನ್ನು ದಾಟಿ ಬಂದ ಈ ಅತಿಥಿಗಳು ನಮ್ಮ ಗದ್ದೆಯ ಬದುಗಳ ಮೇಲೆ ಮೇಯುತ್ತಿರುವುದನ್ನು ನೋಡುವಾಗ, ದೂರದ ದೇಶಗಳಿಗೆ ಹೋಗಲು ಹಣವಿಲ್ಲವಲ್ಲಾ ಎಂಬ ಕೊರಗು ಬಹುಮಟ್ಟಿಗೆ ಇಳಿದುಹೋಗುವುದು.

ಮಲೆನಾಡಿನ ಕಾಡಿನ ಪಾಠವೇ ಬೇರೆ. ಅಲ್ಲಿ ಅರ್ಧ ಗಂಟೆ ನಡೆದರೂ ಒಂದು ಹಕ್ಕಿ ಕಾಣದೆ ಹೊಸಬರು ನಿರಾಶರಾಗುವುದುಂಟು. ಅಷ್ಟರಲ್ಲಿಯೇ ಒಂದೇ ಮರದ ಸುತ್ತ ಹತ್ತು ಹನ್ನೆರಡು ಜಾತಿಗಳ ಹಕ್ಕಿಗಳು ಒಟ್ಟಿಗೆ ಬಂದು, ಐದು ನಿಮಿಷಗಳಲ್ಲಿ ಮುಂದೆ ಸಾಗಿಬಿಡುವುವು. ಉಷ್ಣವಲಯದ ಕಾಡುಗಳಲ್ಲಿ ಇಂಥ ಮಿಶ್ರಸಂಘಗಳು ಸಾಮಾನ್ಯ. ಒಂದು ಹಕ್ಕಿ ತೊಗಟೆಯನ್ನು ಕೆದಕುವುದು, ಇನ್ನೊಂದು ಎಲೆಯ ಅಡಿಯನ್ನು ಹುಡುಕುವುದು, ಮತ್ತೊಂದು ಹಾರುವ ಹುಳುವನ್ನು ಗಾಳಿಯಲ್ಲಿಯೇ ಹಿಡಿಯುವುದು. ಒಂದರ ಓಡಾಟದಿಂದ ಎದ್ದ ಕೀಟ ಮತ್ತೊಂದಕ್ಕೆ ಆಹಾರ. ಅನೇಕ ಕಣ್ಣುಗಳಿರುವುದರಿಂದ ಗಿಡುಗನ ಭಯ ಎಲ್ಲಕ್ಕೂ ಕಡಮೆ. ಬಾಲದ ತುದಿಯಲ್ಲಿ ಎರಡು ಬಿಲ್ಲೆಗಳನ್ನು ತೂಗಿಬಿಟ್ಟುಕೊಂಡ ದೊಡ್ಡ ಕಾಜಾಣವು ಹಲವು ವೇಳೆ ಇಂಥ ಸಂಘದ ಕಾವಲುಗಾರ. ಅದರ ಕೂಗನ್ನು ಕೇಳಿದೊಡನೆ ನಿಂತುಬಿಡುವುದೇ ಜಾಣತನ. ಬೆನ್ನಟ್ಟಿದರೆ ಕಾಲಿಗೆ ಮುಳ್ಳೇ ಹೊರತು ಕಣ್ಣಿಗೆ ಹಕ್ಕಿಯಿಲ್ಲ. ಇನ್ನೂ ಸುಲಭವಾದ ಉಪಾಯವೆಂದರೆ ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಮರಗಳನ್ನೋ, ಬೇಸಗೆಯ ಮೊದಲಿನಲ್ಲಿ ಹೂ ಬಿಟ್ಟ ಬೂರುಗ ಮುತ್ತುಗಗಳನ್ನೋ ಹುಡುಕಿ ಅದರ ಬಳಿ ಕುಳಿತುಬಿಡುವುದು. ಕುಟ್ರು, ಪಿಕಳಾರ, ಗೊರವಂಕ, ಸೂರಕ್ಕಿ, ಭಾಗ್ಯವಿದ್ದರೆ ಮಂಗಟ್ಟೆ, ಎಲ್ಲವೂ ಅಲ್ಲಿಗೇ ಬರುವುವು. ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ಒಂದು ಸೀಳಿನಷ್ಟು ಮಾತ್ರ ಉಳಿಸಿ ಮುಚ್ಚಿಕೊಂಡ ಮೇಲೆ, ಮರಿ ಬೆಳೆಯುವ ತನಕ ಗಂಡು ಮಂಗಟ್ಟೆ ಹೊತ್ತು ತರುವ ಹಣ್ಣು ಬಹುಪಾಲು ಈ ಆಲದ ಜಾತಿಯ ಮರಗಳದು. ಒಂದು ಹಳೆಯ ಬಸರಿಯ ಮರ ಬಿದ್ದರೆ ಎಷ್ಟು ಸಂಸಾರಗಳ ಉಗ್ರಾಣ ಬರಿದಾಗುವುದೆಂಬುದನ್ನು ಅದರಡಿಯಲ್ಲಿ ಒಂದು ಹಗಲು ಕುಳಿತವರೇ ಬಲ್ಲರು.

ಒಬ್ಬಂಟಿಯಾಗಿ ಹೋಗುವುದರ ಗುಣದೋಷಗಳನ್ನೂ ಹೇಳಬೇಕು. ಗುಣ ಸ್ಪಷ್ಟವಾಗಿದೆ. ಇಬ್ಬರು ಸೇರಿದರೆ ಮಾತು, ಮಾತಿದ್ದಲ್ಲಿ ಹಕ್ಕಿಯಿಲ್ಲ. ಒಬ್ಬನೇ ಕುಳಿತವನನ್ನು ಹಕ್ಕಿಗಳು ಕಾಲು ಗಂಟೆಯಲ್ಲಿ ಒಂದು ಮೋಟು ಮರವೆಂದು ಒಪ್ಪಿಕೊಳ್ಳುವುವು. ದೋಷವೂ ಅಷ್ಟೇ ಸ್ಪಷ್ಟ: ಕಾಲುಳುಕಿದರೆ ಎತ್ತುವವರಿಲ್ಲ. ಆದಕಾರಣ ಎಲ್ಲಿಗೆ ಹೋಗುತ್ತೇವೆ, ಯಾವ ಬಸ್ಸಿಗೆ ಹಿಂದಿರುಗುತ್ತೇವೆ ಎಂಬುದನ್ನು ಮನೆಯಲ್ಲಿಯೂ, ಇಳಿದ ಊರಿನ ಅಂಗಡಿಯವರಲ್ಲಿಯೂ ಹೇಳಿಯೇ ಹೋಗತಕ್ಕದ್ದು. ಕೊನೆಯ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಬೇಕು. ಆನೆ ತಿರುಗುವ ಸೀಮೆಗಳಲ್ಲಿ ಮುಂಜಾನೆಯ ಮಬ್ಬಿನಲ್ಲೂ ಸಂಜೆಯ ಮೇಲೂ ಒಂಟಿಯಾಗಿ ನಡೆಯುವುದು ಧೈರ್ಯವಲ್ಲ, ಅವಿವೇಕ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ರಕ್ಷಿತವಾದ ಕಾಡುಗಳಿಗೆ ಅಪ್ಪಣೆಯಿಲ್ಲದೆ ಪ್ರವೇಶಿಸುವುದು ಅಪರಾಧವೂ ಹೌದು. ಹೆಣ್ಣುಮಕ್ಕಳು ಜನರು ತಿರುಗಾಡುವ ಏರಿಗಳನ್ನೂ, ಹಳ್ಳಿಗೆ ಹತ್ತಿರವಾದ ತೋಪುಗಳನ್ನೂ ಮೊದಲು ಆರಿಸಿಕೊಂಡರೆ ಕ್ಷೇಮ. ಹಾಗೆಂದು ಅವರನ್ನು ಮನೆಯಲ್ಲಿಯೇ ಕೂಡಿಸುವುದು ಪರಿಹಾರವಲ್ಲ. ನಾಲ್ಕು ಮಂದಿ ಹೆಣ್ಣುಮಕ್ಕಳು ದಿನವೂ ನಡೆಯುವ ಏರಿ, ಐದನೆಯವಳಿಗೂ ನಿರ್ಭಯವಾದ ಏರಿಯಾಗುವುದು.

ಆರೋಗ್ಯದ ವಿಚಾರದಲ್ಲಿ ಎರಡು ಮಾತು. ಮಳೆಗಾಲದ ಮಲೆನಾಡಿನಲ್ಲಿ ಇಂಬಳಗಳು ಕಾಲಿಗೆ ಹತ್ತುವುದು ಸಹಜ. ಅವುಗಳಿಂದ ಹಿಂಸೆಯುಂಟೇ ಹೊರತು ಅಪಾಯವಿಲ್ಲ. ಸುಣ್ಣವನ್ನೋ ಉಪ್ಪನ್ನೋ ಸವರಿದರೆ ಬಿಟ್ಟುಹೋಗುವುವು. ಉಣ್ಣೆಗಳ ವಿಚಾರ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಉಣ್ಣೆಯ ಕಡಿತದಿಂದಲೇ. ಹಕ್ಕಿ ನೋಡಲು ಹಿತವಾದ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣಗಾಲವೇ ಆ ಕಾಯಿಲೆಗೂ ಕಾಲ. ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬಾರದು. ಬೇರೆ ಕಡೆಗೂ ಮೈಮುಚ್ಚುವ ಬಟ್ಟೆಯನ್ನುಟ್ಟು ಹೋಗಿ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ, ಮೈಯನ್ನು ಚೆನ್ನಾಗಿ ಪರೀಕ್ಷಿಸಿಕೊಳ್ಳಬೇಕು. ಹೋಗಿಬಂದ ಕೆಲವು ದಿನಗಳೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು.

ಹಕ್ಕಿಗಳ ವಿಷಯದಲ್ಲಿ ನಮ್ಮ ನಡತೆ ಹೇಗಿರಬೇಕೆಂಬುದನ್ನು ಒಂದೇ ಸೂತ್ರದಲ್ಲಿ ಹೇಳಬಹುದು: ನಾವು ಬಂದುದರಿಂದ ಹಕ್ಕಿ ತನ್ನ ಕೆಲಸವನ್ನು ಬಿಡುವಂತಾಗಬಾರದು. ಗೂಡಿನ ಹತ್ತಿರ ಹೋದರೆ ತಾಯಿ ಏಳುವುದು. ತಾಯಿ ಎದ್ದರೆ ನಮ್ಮ ಸೀಮೆಯ ಬಿಸಿಲಿನಲ್ಲಿ ಮೊಟ್ಟೆ ಕೆಲವೇ ನಿಮಿಷಗಳಲ್ಲಿ ಬೇಯತೊಡಗುವುದು. ಕಾಗೆ ಅಷ್ಟರಲ್ಲಿಯೇ ಕಾದಿರುವುದು. ಯಂತ್ರದಲ್ಲಿ ಹಿಡಿದಿಟ್ಟ ಕೂಗನ್ನು ನುಡಿಸಿ ಹಕ್ಕಿಯನ್ನು ಎದುರಿಗೆ ಕರೆಯುವ ಅಭ್ಯಾಸವೂ ಸಲ್ಲದು. ತನ್ನ ಎಲ್ಲೆಯೊಳಗೆ ವೈರಿಯೊಬ್ಬನು ಬಂದನೆಂದು ಭ್ರಮಿಸಿ ಅದು ಮರಿಗಳಿಗೆ ಉಣಿಸುವುದನ್ನು ಬಿಟ್ಟು ಹೋರಾಟಕ್ಕೆ ಓಡಿಬರುವುದು.

ಕೊನೆಯದಾಗಿ, ಈ ಸಂಚಾರದಿಂದ ಪ್ರಯೋಜನವೇನು ಎಂಬ ಪ್ರಶ್ನೆ ಉಳಿಯಿತು. ಮನಸ್ಸಿಗೆ ಸಂತೋಷವೆಂದರೆ ಸಾಕಾಗಿತ್ತು. ಆದರೆ ಅದಕ್ಕಿಂತ ಹೆಚ್ಚಿನ ಪ್ರಯೋಜನವೊಂದುಂಟು, ಅದಿರುವುದು ಸೀಸದಕಡ್ಡಿಯಲ್ಲಿ. ದಿನ, ಸ್ಥಳ, ಹೊತ್ತು, ಕಂಡ ಹಕ್ಕಿಗಳು, ಅವುಗಳ ಸಂಖ್ಯೆ, ಇವಿಷ್ಟನ್ನು ನಿಯಮವಾಗಿ ಬರೆದಿಡುವವರು ಶಾಸ್ತ್ರಕ್ಕೆ ಕೂಲಿ ಬೇಡದ ಸೇವಕರು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದುದು ಮೂವತ್ತು ಸಾವಿರಕ್ಕೂ ಮಿಕ್ಕ ಹವ್ಯಾಸಿಗಳು ದೇಶದ ಮೂಲೆಮೂಲೆಗಳಿಂದ ಬರೆದು ಕಳುಹಿಸಿದ ಇಂಥ ಟಿಪ್ಪಣಿಗಳೇ. ನವಿಲು, ಕೋಗಿಲೆ, ಊರ ಪಾರಿವಾಳ ಮುಂತಾದ ಕೆಲವು ಹೆಚ್ಚುತ್ತಿವೆಯೆಂದು ತಿಳಿದುಬಂದಿತು. ಬಯಲಿನಲ್ಲಿ ಬಾಳುವ ಹಕ್ಕಿಗಳೂ, ಹುಳುಹುಪ್ಪಟೆಗಳನ್ನು ತಿಂದು ಬದುಕುವ ಹಕ್ಕಿಗಳೂ, ದೂರದಿಂದ ವಲಸೆ ಬರುವ ಹಕ್ಕಿಗಳೂ ಕಡಮೆಯಾಗುತ್ತಿವೆಯೆಂದೂ ತಿಳಿದುಬಂದಿತು. ಹಾಗೆ ಕಡಮೆಯಾಗುತ್ತಿರುವುವುಗಳಲ್ಲಿ ನೀಲಕಂಠವೂ ಒಂದು.

ನೀಲಕಂಠವು ಕರ್ನಾಟಕದ ರಾಜ್ಯಪಕ್ಷಿ. ಅದು ದುರ್ಗಮವಾದ ಕಾಡಿನ ಹಕ್ಕಿಯಲ್ಲ. ನಮ್ಮ ಹೊಲಗಳ ಬದಿಯ ತಂತಿಯ ಮೇಲೆ, ಬೋಳುಕೊಂಬೆಯ ಮೇಲೆ ಕುಳಿತು, ನೆಲದ ಮೇಲಿನ ಮಿಡತೆಯನ್ನು ಕಂಡೊಡನೆ ನೀಲಿಯ ರೆಕ್ಕೆಗಳನ್ನು ಬಿಚ್ಚಿ ಇಳಿಯುವ ಹಕ್ಕಿ. ಅಪರೂಪದ ಹಕ್ಕಿ ಕಡಮೆಯಾದರೆ ಪಂಡಿತರು ಗಮನಿಸುವರು. ಸಾಮಾನ್ಯವಾದ ಹಕ್ಕಿ ಕಡಮೆಯಾದರೆ ಯಾರು ಗಮನಿಸಬೇಕು? ನಿನ್ನೆ ಹತ್ತಿದ್ದುದು ಇಂದು ಏಳಾದರೆ, ಎಣಿಸದವರಿಗೆ ಎರಡೂ ಒಂದೇ. ಪ್ರತಿ ವಾರ ಒಂದೇ ದಾರಿಯಲ್ಲಿ ಒಂದೇ ಬಸ್ಸಿನ ಕಿಟಕಿಯ ಬಳಿ ಕುಳಿತು, ತಂತಿಯ ಮೇಲಿನ ನೀಲಕಂಠಗಳನ್ನು ಎಣಿಸಿ ಬರೆದಿಡುವ ಒಬ್ಬ ಶಾಲೆಯ ಉಪಾಧ್ಯಾಯರೋ ವಿದ್ಯಾರ್ಥಿನಿಯೋ ಮಾಡುವ ಈ ಕೆಲಸವನ್ನು, ವರ್ಷಕ್ಕೊಮ್ಮೆ ಮೋಟಾರಿನಲ್ಲಿ ಬಂದುಹೋಗುವ ಶ್ರೀಮಂತರು ಮಾಡಲಾರರು.

ಹೀಗೆ ನೋಡಿದಲ್ಲಿ, ಅಲ್ಪವ್ಯಯವು ಪಕ್ಷಿವೀಕ್ಷಕನಿಗೆ ಅಡ್ಡಿಯಲ್ಲ, ಅನೇಕ ವೇಳೆ ಸಹಾಯವೇ. ಹಣ ಕಡಮೆಯಿದ್ದವನು ಹತ್ತಿರದ ಸ್ಥಳಕ್ಕೆ ಹೋಗುವನು, ಮತ್ತೆ ಮತ್ತೆ ಹೋಗುವನು, ನಿಧಾನವಾಗಿ ಹೋಗುವನು. ಹಕ್ಕಿಗಳನ್ನು ಅರಿಯಲು ಬೇಕಾದ ಗುಣಗಳೂ ಇವೇ ಮೂರು. ಈ ಭಾಷಣವನ್ನು ಕೇಳಿದವರೂ ಓದಿದವರೂ ಮುಂದಿನ ಭಾನುವಾರದ ಬೆಳಿಗ್ಗೆ ತಮ್ಮ ಊರಿನ ಕೆರೆಯ ಏರಿಯ ಮೇಲೆ ಒಂದು ಗಂಟೆಯ ಕಾಲ ನಡೆದು, ಕಂಡ ಹಕ್ಕಿಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ಹೆಸರು ಗೊತ್ತಿಲ್ಲದವುಗಳ ಬಣ್ಣ, ಗಾತ್ರ, ಕೊಕ್ಕಿನ ಆಕಾರಗಳನ್ನು ಗುರುತುಹಾಕಿಕೊಳ್ಳಲಿ. ಮರುವಾರ ಅದೇ ಏರಿಗೆ ಹೋಗಿ ಆ ಹಾಳೆಯನ್ನು ಹೊಸ ಹಾಳೆಯೊಡನೆ ಹೋಲಿಸಿ ನೋಡಲಿ. ಮೊದಲಿಗೆ ಇಷ್ಟು ಸಾಕು.